ರೆಕ್ಕೆ ಕತ್ತರಿಸದೆ ಬಡ್ಜಿ ಪಳಗಿಸಿದ್ದು: ನನ್ನ ಅನುಭವ

ಹತ್ತಾರು ಹಕ್ಕಿ ಒಟ್ಟಿಗೆ ಬಿಟ್ಟು ಸಾಕುವ ಕಾಲೊನಿಯಲ್ಲಿ ಹುಟ್ಟಿ ಬೆಳೆದ ಬಡ್ಜಿ, ಅಂದ್ರೆ ಆಸ್ಟ್ರೇಲಿಯಾ ಮೂಲದ ಸಣ್ಣ ಸಾಕು ಗಿಳಿ, ಕೈಗೆ ಬರೋದಿಲ್ಲ, ಬರಬೇಕಂದ್ರೆ ರೆಕ್ಕೆ ಕತ್ತರಿಸಬೇಕು, ಇಲ್ಲಾಂದ್ರೆ ಸಿರಿಂಜ್‌ನಲ್ಲಿ ಉಣಿಸಿ ಬೆಳೆಸಿದ ಮರಿಯನ್ನೇ ದುಬಾರಿ ದುಡ್ಡು ಕೊಟ್ಟು ತರಬೇಕು. ತುಮಕೂರಿನಲ್ಲಿ ಹಕ್ಕಿ ಸಾಕುವ ನಾಲ್ಕು ಜನ ಸೇರಿದ ಕಡೆಯೆಲ್ಲ ನನಗೆ ಹೇಳಿದ್ದು ಇದೇ. ಈಗ ನಮ್ಮ ಮನೆಯ ಹಸಿರು ಗಂಡು, ಒಂದು ಗರಿಯೂ ಕತ್ತರಿಸದ್ದು, ಹಾಲ್‌ನ ಆ ಮೂಲೆಯಿಂದ ಹಾರಿ ಬಂದು ಬೆರಳ ಮೇಲೆ ಕೂರುತ್ತೆ. ಆಗೋದಿಲ್ಲ ಅಂದವರಲ್ಲೇ ಇಬ್ಬರು ಮನೆಗೆ ಬಂದು ವಿಡಿಯೋ ಮಾಡಿಕೊಂಡು ಹೋದರು. ಅದಕ್ಕೇ ಬರೀತಿದ್ದೀನಿ. ಪಂಜರ ಎಷ್ಟು ಅಡಿ, ಕಾಳಿನ ಮಿಕ್ಸ್ ಯಾವುದು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಟ್ಟು ಹೇಳ್ತೀನಿ.

ಮೊದಲು ದುಡ್ಡು ಹೋದ ಕಥೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ 'ಹ್ಯಾಂಡ್ ಟೇಮ್', ಅಂದ್ರೆ ಕೈಗೆ ಪಳಗಿದ್ದು ಅಂತ ಹೇಳಿ ಒಂದು ನೀಲಿ ಬಡ್ಜಿ ಕೊಟ್ಟರು, ಹದಿನೆಂಟು ನೂರೋ ಎರಡು ಸಾವಿರವೋ ಕೊಟ್ಟೆ. ಲವ್ ಬರ್ಡ್ಸ್ ಅಂತ ಎಲ್ಲರೂ ಮಾರುವ ಇದೇ ಬಡ್ಜಿಗಳ ಜೋಡಿ ಆಗ ಐನೂರು ರೂಪಾಯಿಗೆ ಸಿಗ್ತಿತ್ತು. ಅಂಗಡಿಯಲ್ಲಿ ಬೆರಳ ಮೇಲೆ ಕೂತಿತ್ತು, ನಿಜ. ಎರಡೂ ರೆಕ್ಕೆ ಬುಡದವರೆಗೆ ಕತ್ತರಿಸಿದ್ದರೆ, ಮೈಯಲ್ಲಿ ಶಕ್ತಿಯೂ ಇಲ್ಲದಿದ್ದರೆ, ಇನ್ನೆಲ್ಲಿಗೆ ಹೋಗುತ್ತೆ? ಮನೆಗೆ ತಂದ ಮೂರ್ನಾಲ್ಕು ದಿನಕ್ಕೆ ಮಧ್ಯಾಹ್ನದ ಹೊತ್ತಲ್ಲೂ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು ಮೂಲೆ ಹಿಡೀತು. ಡಾಕ್ಟರ್ ತೂಕ ಹಾಕಿದರೆ ಇಪ್ಪತ್ತೈದು ಗ್ರಾಂ ಆಸುಪಾಸು. ಚೆನ್ನಾಗಿರುವ ಬಡ್ಜಿ 30ರಿಂದ 40 ಗ್ರಾಂ ತೂಗುತ್ತೆ. ಎದೆಮೂಳೆ ಚಾಕುವಿನ ಅಲಗಿನ ಹಾಗೆ ಕೈಗೆ ಸಿಗ್ತಿತ್ತು. ಉಳೀಲಿಲ್ಲ. ಔಷಧ, ಓಡಾಟ ಸೇರಿ ಇನ್ನೊಂದು ಸಾವಿರ ಹೋಯ್ತು. ಅಂಗಡಿಯವರು "ಸಾರ್, ನಿಮ್ಮ ಊರಿನ ಹವಾ ಆಗಿಲ್ಲ ಅದಕ್ಕೆ" ಅಂದರು. ಬೆಂಗಳೂರಿಂದ ತುಮಕೂರು ಎಪ್ಪತ್ತು ಕಿಲೋಮೀಟರು!

ಅಂದಿನಿಂದ ನನ್ನ ಲೆಕ್ಕ ಬದಲಾಯ್ತು. ಪಳಗಿದ ಹಕ್ಕಿ ಕೊಳ್ಳೋದಲ್ಲ, ಪಳಗುವ ಹಕ್ಕಿ ಹುಡುಕೋದು. ಇದಕ್ಕೆ ಊರಲ್ಲೇ ತಾರಸಿ ಮೇಲೆ ಕಾಲೊನಿ ಮಾಡಿರುವ ಒಬ್ಬರ ಹತ್ತಿರ ಹೋದೆ. ಅರವತ್ತು ಎಪ್ಪತ್ತು ಹಕ್ಕಿ ಒಂದೇ ಮೆಶ್‌ನೊಳಗೆ. ನಾನು ಜಾಲರಿ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತೆ. ಹತ್ತಿರ ಹೋದ ಕೂಡಲೇ ಎಲ್ಲವೂ ಆಚೆ ಗೋಡೆಗೆ ಹಾರುತ್ತವೆ, ಅದು ಮಾಮೂಲಿ. ನೋಡಬೇಕಾದ್ದು ಆಮೇಲೆ: ಕಾಳಿನ ತಟ್ಟೆಗೆ ಮೊದಲು ವಾಪಸ್ ಬರೋದು ಯಾವುದು? ಎದ್ದು ನಿಲ್ಲೋದು, ಕೂರೋದು, ಮತ್ತೆ ನೋಡೋದು. ಹಕ್ಕಿಯವರು ಟೀ ತಂದುಕೊಟ್ಟು "ಏನ್ ಸಾರ್, ಹೆಣ್ಣು ನೋಡೋಕೆ ಬಂದಂಗೆ ಕೂತಿದ್ದೀರಾ" ಅಂತ ನಕ್ಕರು. ಮುಂದಿನ ಭಾನುವಾರವೂ ಹೋದೆ. ಎರಡೂ ಸಲ ಮೊದಲು ಬಂದದ್ದು ಒಂದೇ ಮರಿ, ಹಸಿರು ಮೈ, ಬಾಲದ ಹತ್ತಿರ ಒಂದು ಗರಿ ಮುರಿದಿತ್ತು, ಗುರುತಿಗೆ ಅನುಕೂಲ ಆಯ್ತು. ನೋಡೋಕೆ ಅಷ್ಟೇನೂ ಚಂದ ಇರಲಿಲ್ಲ. ಪಕ್ಕದಲ್ಲೇ ಬಿಳಿ, ಹಳದಿ, ನೇರಳೆ ಎಲ್ಲ ಇದ್ದವು. ಬಣ್ಣ ನೋಡಿ ಆರಿಸುವವರು ಆಮೇಲೆ ನನಗೆ ಫೋನ್ ಮಾಡಬೇಡಿ.

ವಯಸ್ಸು ಮುಖ್ಯ. ಹಣೆಯ ಕಪ್ಪು ಗೆರೆಗಳು ಮೂಗಿನ ತನಕ ಇಳಿದಿರಬೇಕು, ಕಣ್ಣು ಪೂರ್ತಿ ಕಪ್ಪಾಗಿರಬೇಕು, ಸುತ್ತ ಬಿಳಿ ಉಂಗುರ ಬಂದಿರಬಾರದು. ಮೂರ್ನಾಲ್ಕು ತಿಂಗಳಿಗೆ ಮೊದಲ ಸಲ ಗರಿ ಉದುರಿಸಿದರೆ ಗೆರೆ ಹಿಂದಕ್ಕೆ ಹೋಗಿ ಹಣೆ ಒಂದೇ ಬಣ್ಣ ಆಗುತ್ತೆ. ಹಾಗಂತ ತೀರಾ ಎಳೆಯದನ್ನೂ ತರಬೇಡಿ. ಗೂಡಿಂದ ಹೊರಬಂದ ಮೇಲೂ ಒಂದಷ್ಟು ದಿನ ಅಪ್ಪ ಹಕ್ಕಿಯೇ ಉಣಿಸುತ್ತೆ. ತಾನೇ ಕಾಳು ಒಡೆದು ತಿನ್ನೋದನ್ನು ಕಣ್ಣಾರೆ ನೋಡಿಯೇ ತರಬೇಕು. ನನ್ನದು ಎರಡು ತಿಂಗಳಿನ ಒಳಗಿತ್ತು. ಮೂಗು ಪೂರ್ತಿ ಗುಲಾಬಿ ಮಿಶ್ರಿತ ನೇರಳೆ ಇತ್ತು, ಅಂದ್ರೆ ಗಂಡು. ಹೊಳ್ಳೆ ಸುತ್ತ ಬೆಳ್ಳಗಿದ್ದರೆ ಹೆಣ್ಣು. ಬಿಳಿ, ಹಳದಿ ಜಾತಿಗಳಲ್ಲಿ ಈ ಗುರುತು ನಂಬೋಕಾಗಲ್ಲ. ಇನ್ನೂರೈವತ್ತು ರೂಪಾಯಿ ಕೊಟ್ಟೆ. ಚೌಕಾಸಿ ಮಾಡಿದ್ದರೆ ಇನ್ನೂರಕ್ಕೆ ಕೊಡ್ತಿದ್ದರೇನೋ, ಎರಡು ಸಲ ಟೀ ಕುಡಿದಿದ್ದೆನಲ್ಲ.

ಪಳಗಿಸೋಕೆ ಅಂತ ಜನ ಹೇಳಿಕೊಟ್ಟಿದ್ದನ್ನು ಹೇಳಿಬಿಡ್ತೀನಿ. ಒಬ್ಬರು ಗ್ಲೌಸ್ ಹಾಕಿ ದಿನಾ ಹಿಡಿದು ಹಿಡಿದು ಬಿಡಿ, ಹೆದರಿಕೆ ಹೋಗುತ್ತೆ ಅಂದರು. ಅವರ ಮನೆಯ ಹಕ್ಕಿಯನ್ನೇ ನೋಡಿದ್ದೇನೆ, ಕೈ ಕಂಡರೆ ಪಂಜರದ ಕಂಬಿಗೆ ತಲೆ ಚಚ್ಚಿಕೊಳ್ಳುತ್ತೆ. ಇನ್ನೊಬ್ಬರು ಹಸಿವಿಗೆ ಹಾಕಿ ಅಂದರು. ಮೂವತ್ತೈದು ಗ್ರಾಂ ಜೀವಕ್ಕೆ ಒಂದು ದಿನ ಕಾಳು ತಪ್ಪಿದರೂ ಅಪಾಯ, ಅದು ಪಳಗಿಸೋದಲ್ಲ. ಮತ್ತೊಬ್ಬರು ಕನ್ನಡಿ ತೂಗುಹಾಕಿ ಅಂದರು. ಕನ್ನಡಿ ಮುಂದೆ ಕೂತ ಗಂಡು ಬಡ್ಜಿ ತನ್ನ ಬಿಂಬಕ್ಕೇ ಕಾಳು ಕಕ್ಕಿ ಉಣಿಸುತ್ತಾ ಕೂರುತ್ತೆ, ನಿಮ್ಮ ಮುಖ ಯಾಕೆ ನೋಡುತ್ತೆ? ರೆಕ್ಕೆ ಕತ್ತರಿಸುವ ವಿಷಯದಲ್ಲಂತೂ ನನ್ನ ವಾದ ಸರಳ. ಕತ್ತರಿಸಿದ ಗರಿ ಮುಂದಿನ ಸಲ ಉದುರಿ ಹೊಸದು ಬಂದೇ ಬರುತ್ತೆ. ಹೋಗೋಕೆ ಆಗದೆ ಕೂತಿದ್ದ ಹಕ್ಕಿ ಅವತ್ತು ಹೊರಟುಹೋಗುತ್ತೆ. ಹಾರೋಕೆ ಬರುವ ಹಕ್ಕಿ ಬೆರಳ ಮೇಲೆ ಕೂತರೆ ಅದು ತಾನಾಗಿ ಕೂತಿದ್ದು.

ನಾನು ಮಾಡಿದ್ದು ಇಷ್ಟು. ಪಂಜರವನ್ನು ಹಾಲ್‌ನಲ್ಲಿ, ಒಂದು ಕಡೆ ಗೋಡೆ ಬರುವ ಹಾಗೆ, ನನ್ನ ಎದೆಮಟ್ಟಕ್ಕೆ ಇಟ್ಟೆ. ಅಡುಗೆಮನೆ ಹತ್ತಿರ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತೆ. ನಮ್ಮಲ್ಲಿ ಕಬ್ಬಿಣದ ಹೆಂಚಿಗೆ ವಾಪಸ್ ಬಂದೆವು, ದೋಸೆಯೂ ಚೆನ್ನಾಗಾಯ್ತು. ಮೊದಲ ವಾರ ಹತ್ತು ದಿನ ಕೈ ಒಳಗೆ ಹಾಕಲೇ ಇಲ್ಲ, ಕಾಳು ನೀರು ಬದಲಿಸೋಕೆ ಬಿಟ್ಟು. ಬೆಳಿಗ್ಗೆ ಪೇಪರ್ ಓದೋದು ಪಂಜರದ ಪಕ್ಕ, ಸಂಜೆ ಚುರುಮುರಿ ತಿನ್ನೋದೂ ಪಂಜರದ ಪಕ್ಕ. ಗಟ್ಟಿಯಾಗಿ ಓದ್ತಿದ್ದೆ. ನೆಟ್ಟಗೆ ದಿಟ್ಟಿಸಬಾರದು, ಓರೆಯಲ್ಲೇ ನೋಡಬೇಕು. ಮೈ ಬಿಗಿ ಹಿಡಿದು ಗರಿ ಅಂಟಿಸಿಕೊಂಡು ಸಣ್ಣಗೆ ಕಂಡರೆ ಹೆದರಿದೆ ಅಂತ ಅರ್ಥ. ಒಂದು ಕಾಲು ಹೊಟ್ಟೆಯೊಳಗೆ ಮಡಚಿ ಕೊಕ್ಕು ಕರಕರ ಮಸೆಯೋಕೆ ಶುರು ಮಾಡಿದ ದಿನ ನಾನು ಮುಂದಿನ ಹೆಜ್ಜೆ ಇಟ್ಟೆ.

ಆ ಹೆಜ್ಜೆ ಅಂದ್ರೆ ನವಣೆ ತೆನೆ. ಆನ್‌ಲೈನ್‌ನಲ್ಲಿ ಮಿಲೆಟ್ ಸ್ಪ್ರೇ ಅಂತ ಒಂದು ಪ್ಯಾಕೆಟ್ ಮುನ್ನೂರೈವತ್ತು ರೂಪಾಯಿಗೆ ತರಿಸಿದ್ದೆ, ಒಳಗೆ ಏಳೆಂಟು ತೆನೆ. ನಮ್ಮ ಪಾವಗಡದ ಕಡೆಯ ಪರಿಚಯದ ರೈತರೊಬ್ಬರು ನೂರು ರೂಪಾಯಿಗೆ ಒಂದು ಚೀಲ ತುಂಬ ಕೊಟ್ಟರು, ಅದೂ ಬೇಡ ಬೇಡ ಅಂದುಕೊಂಡೇ. ಎರಡೂ ಒಂದೇ ನವಣೆ. ನಿಯಮ ಒಂದೇ: ತಟ್ಟೆಯಲ್ಲಿ ಮಾಮೂಲಿ ಕಾಳು ಯಾವಾಗಲೂ ಇರುತ್ತೆ, ಆದರೆ ತೆನೆ ಮಾತ್ರ ನನ್ನ ಕೈಯಿಂದಲೇ, ಪಂಜರದಲ್ಲಿ ಕಟ್ಟಿಹಾಕೋದಿಲ್ಲ. ಉದ್ದನೆಯ ಕಡ್ಡಿ ಇರುವ ತೆನೆ ಆರಿಸಿ, ಕಡ್ಡಿಯ ತುದಿ ಹಿಡಿದು ಬಾಗಿಲಲ್ಲಿ ಚಾಚಿದೆ. ಮೊದಮೊದಲು ಬರಲಿಲ್ಲ. ತೋಳು ನೋವು ಬಂದು ಕುರ್ಚಿ ಬೆನ್ನಿಗೆ ಒರಗಿಸಿಕೊಂಡು ಹಿಡಿದೆ. ಒಂದು ದಿನ ಕತ್ತು ಚಾಚಿ ಒಂದು ಕಾಳು ಕಿತ್ತುಕೊಂಡು ಹಿಂದೆ ಸರೀತು. ಆಮೇಲೆ ದಿನ ಬಿಟ್ಟು ದಿನ ನನ್ನ ಬೆರಳು ಕಡ್ಡಿ ಮೇಲೆ ಒಂದೊಂದು ಇಂಚು ಮುಂದೆ ಹೋಯ್ತು. ಕೊನೆಗೆ ತೆನೆ ಅಂಗೈಯಲ್ಲಿ ಮಲಗಿತ್ತು, ತಿನ್ನಬೇಕಂದ್ರೆ ಕೈ ಹತ್ತಲೇಬೇಕು. ಹತ್ತಿತು. ಮುಂದೆ ಎರಡು, ಹಿಂದೆ ಎರಡು ಬೆರಳಲ್ಲಿ ನನ್ನ ತೋರುಬೆರಳನ್ನು ಸುತ್ತಿ ಹಿಡೀತು, ಪಾದ ಬೆಚ್ಚಗೆ, ಉಗುರು ಸೂಜಿಯಷ್ಟು ಚೂಪು. ಹೊಟ್ಟು ಉದುರಿ ಮಣಿಕಟ್ಟಿನ ಕೂದಲಿಗೆ ಸಿಕ್ಕಿಕೊಳ್ತಿತ್ತು, ತುರಿಕೆ ಬೇರೆ. ಅಲ್ಲಾಡಲಿಲ್ಲ ನಾನು. ಅಲ್ಲಿಗೆ ತಿಂಗಳು ಕಳೆದಿರಬೇಕು.

ಬೆಳಗಿನ ಕಾಳಿಗೂ ತೆನೆಗೂ ನಡುವೆ ಎಷ್ಟು ಹೊತ್ತು ಬಿಡ್ತೀನಿ, ತೆನೆ ಕೊಡುವಾಗ ಬಾಯಲ್ಲಿ ಏನು ಶಬ್ದ ಮಾಡ್ತೀನಿ, ಇವೆರಡನ್ನು ಇಲ್ಲಿ ಬರೆಯೋದಿಲ್ಲ. ಮನೆಗೆ ಬಂದು ಕೇಳಿದವರಿಗೆ ತೋರಿಸ್ತೀನಿ. ನಿಮ್ಮ ಹಕ್ಕಿಯನ್ನು ಎರಡು ವಾರ ಗಮನಿಸಿದರೆ ನಿಮಗೇ ಗೊತ್ತಾಗುತ್ತೆ.

ಹೊರಗೆ ಬಿಡುವ ದಿನ ಕಿಟಕಿ ಮುಚ್ಚಿ, ಗಾಜಿಗೆ ಪರದೆ ಎಳೆದು, ಫ್ಯಾನ್ ಸ್ವಿಚ್ ಮೇಲೆ ಟೇಪ್ ಅಂಟಿಸಿದ್ದೆ. ಮನೆಯಲ್ಲಿ ಯಾರಾದರೂ ಸೆಖೆ ಅಂತ ಒತ್ತಿಬಿಟ್ಟರೆ ಮುಗೀತು. ಹಕ್ಕಿ ಎರಡು ಸುತ್ತು ಹೊಡೆದು ಕರ್ಟನ್ ರಾಡ್ ಮೇಲೆ ಕೂತಿದ್ದು ಇಳಿಯಲೇ ಇಲ್ಲ. ಮಗಳು ಟವೆಲ್ ಹಾಕಿ ಹಿಡಿಯೋಣ ಅಪ್ಪ ಅಂದಳು. ಹಿಡಿದಿದ್ದರೆ ತಿಂಗಳ ಕೆಲಸ ನೀರುಪಾಲು. ಪಂಜರದ ಬಾಗಿಲು ತೆಗೆದಿಟ್ಟು, ತೆನೆ ಹಿಡಿದು ಕೆಳಗೆ ಕೂತು ಮ್ಯಾಚ್ ನೋಡಿದೆವು. ಮೂರು ನಾಲ್ಕು ಗಂಟೆ ಆಗಿರಬೇಕು, ಹೊಟ್ಟೆ ಚುರುಗುಟ್ಟಿದ ಮೇಲೆ ನೇರ ಬಂದು ನನ್ನ ಭುಜದ ಮೇಲೆ ಇಳೀತು. ಎರಡನೇ ಸಲ ಅರ್ಧ ಗಂಟೆ ಸಾಕಾಯ್ತು.

ಪಕ್ಕದಾರಿ ಪ್ರಯೋಗಗಳೂ ನಡೆದವು. ಪಂಜರದ ತಳದಲ್ಲಿ ಉದುರಿದ ಕಾಳನ್ನು ತಾರಸಿಯ ಗ್ರೋ ಬ್ಯಾಗ್‌ಗೆ ಸುರಿದೆ, ಮೂರು ತಿಂಗಳಲ್ಲಿ ನವಣೆ, ಬರಗು ಎರಡೂ ತೆನೆ ಬಿಟ್ಟವು. ಹಾಲುಗಾಳಿನ ಹಸಿ ತೆನೆ ಕೊಟ್ಟು ನೋಡಿ, ಒಣಗಿದ್ದನ್ನು ಮೂಸಿಯೂ ನೋಡಲ್ಲ. ಆಸ್ಟ್ರೇಲಿಯಾದ ಒಣಭೂಮಿಯಲ್ಲಿ ಮಳೆ ಬಿದ್ದು ಹುಲ್ಲು ಕಾಳು ಕಟ್ಟಿದಾಗ ಮರಿ ಮಾಡುವ ಹಕ್ಕಿ ಇದು, ಹಸಿ ತೆನೆ ಅಂದರೆ ಅದಕ್ಕೆ ಹಬ್ಬ. ರಾಗಿ ಮೊಳಕೆ, ಕೊತ್ತಂಬರಿ ಸೊಪ್ಪು, ನುಗ್ಗೆ ಸೊಪ್ಪು ಎಲ್ಲ ತಿನ್ನುತ್ತೆ. ಸುಣ್ಣದಂಶಕ್ಕೆ ಹಕ್ಕಿ ಕೆರೆದು ತಿನ್ನುವ ಬಿಳಿ ತುಂಡು ಕಟಲ್ ಬೋನ್ ಅಂತ ಪೆಟ್ ಶಾಪ್‌ನಲ್ಲಿ ನೂರಿಪ್ಪತ್ತು ರೂಪಾಯಿ, ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಅಂತ ಕೇಳಿ, ಇಪ್ಪತ್ತು ಮೂವತ್ತಕ್ಕೆ ಅದೇ ಸಿಗುತ್ತೆ. ಕೂರೋಕೆ ಅಂಗಡಿಯ ನುಣುಪು ಕೋಲು ತೆಗೆದು ಸೀಬೆ ಕೊಂಬೆ ಹಾಕಿದೆ, ಸಿಪ್ಪೆ ಸುಲಿಯೋದೇ ಅದಕ್ಕೆ ಅರ್ಧ ದಿನದ ಕೆಲಸ.

ಮಾತು ಕಲಿಸೋಕೆ ಮೊಬೈಲ್‌ನಲ್ಲಿ 'ಊಟ ಆಯ್ತಾ' ಅಂತ ರೆಕಾರ್ಡ್ ಮಾಡಿ ಗಂಟೆಗಟ್ಟಲೆ ಹಾಕಿದೆ. ಪ್ರಯೋಜನ ಸೊನ್ನೆ. ಎದುರಿಗೆ ಮುಖ ಕೊಟ್ಟು ಬೆಳಿಗ್ಗೆ ಸಂಜೆ ಹೇಳಿದ್ದೇ ಹತ್ತಿದ್ದು. 'ಪಕ್' ಅನ್ನುವ ಕ್ಯಾಲಿಫೋರ್ನಿಯಾದ ಬಡ್ಜಿ 1,728 ಪದ ಕಲಿತು ಗಿನ್ನೆಸ್ ದಾಖಲೆ ಸೇರಿತ್ತು. ನಮ್ಮವನದು ಮೂರೋ ನಾಲ್ಕೋ ಮಾತು, ಜೊತೆಗೆ ಕುಕ್ಕರ್ ವಿಸಿಲ್. ವಿಸಿಲ್ ಎಷ್ಟು ಚೆನ್ನಾಗಿ ಹೊಡೆಯುತ್ತೆ ಅಂದ್ರೆ ನಮ್ಮ ಮನೆಯವರು ಒಂದು ಸಲ ಬೇಳೆ ಬೇಯುವ ಮುಂಚೆಯೇ ಸ್ಟೌವ್ ಆರಿಸಿದ್ದರು.

ಎರಡನೇ ಹಕ್ಕಿ ತಂದರೆ ಮೊದಲನೆಯದು ನಿಮ್ಮನ್ನು ಮರೆಯುತ್ತೆ ಅನ್ನೋದು ಇನ್ನೊಂದು ವೇದವಾಕ್ಯ. ಹಗಲಿಡೀ ಮನೆಯಲ್ಲಿ ಯಾರೂ ಇರದಿದ್ದರೆ ಗುಂಪಿನ ಹಕ್ಕಿಯನ್ನು ಒಂಟಿ ಇಡೋದು ನನಗೆ ಸರಿ ಕಾಣಲಿಲ್ಲ. ಅದೇ ಕಾಲೊನಿಯಿಂದ, ಅದೇ ಸ್ಟೂಲ್ ಪರೀಕ್ಷೆ ಮಾಡಿ, ಒಂದು ಹಳದಿ ಹೆಣ್ಣು ತಂದೆ. ತಿಂಗಳು ಬೇರೆ ಕೋಣೆಯಲ್ಲಿಟ್ಟು, ಮೂಗಿನ ಮೇಲೆ ಹುಳದ ಹಕ್ಕಳೆ ಏನೂ ಇಲ್ಲ ಅಂತ ಖಾತ್ರಿ ಆದ ಮೇಲೆ ಪಂಜರ ಪಕ್ಕ ಪಕ್ಕ ಇಟ್ಟೆ. ಗಂಡು ನನ್ನ ಕೈಯಲ್ಲಿ ತೆನೆ ತಿನ್ನೋದನ್ನು ಅದು ಕಂಬಿಗೆ ಕೊಕ್ಕು ತಗುಲಿಸಿಕೊಂಡು ನೋಡ್ತಿತ್ತು. ಗಂಡಿಗೆ ತಿಂಗಳು ಹಿಡಿದದ್ದು ಇದಕ್ಕೆ ವಾರ ಹತ್ತು ದಿನದಲ್ಲಿ ಆಯ್ತು. ಕಚ್ಚೋದು ಮಾತ್ರ ಜೋರು, ಹೆಣ್ಣು ಬಡ್ಜಿ ಅಲ್ವಾ.

ಈಗ ಕಾಲೊನಿಯವರೇ ಮೊಟ್ಟೆ ಇಡೋಕೆ ಮಡಕೆ ಕಟ್ಟಿ ಸಾರ್, ಪಳಗಿದ ಜೋಡಿಯ ಮರಿ ಸಾವಿರಕ್ಕೆ ಹೋಗುತ್ತೆ ಅಂತ ಬೆನ್ನು ಬಿದ್ದಿದ್ದಾರೆ. ಕಟ್ಟಲ್ಲ. ಮಡಕೆ ಕಂಡ ಹೆಣ್ಣು ಅದನ್ನು ಕಾಯೋಕೆ ನಿಂತರೆ ಕೈ ಹಾಕಿದವರ ಬೆರಳು ಉಳಿಯಲ್ಲ, ಇಷ್ಟು ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಸದ್ಯ ಸೊನ್ನೆಯಿಂದ ಲೆಕ್ಕ ಹಾಕಿದರೆ, ಸತ್ತ ನೀಲಿಯದ್ದನ್ನೂ ಸೇರಿಸಿ, ಏಳು ಸಾವಿರದ ಹತ್ತಿರ ಖರ್ಚಾಗಿದೆ, ಅದರಲ್ಲಿ ದೊಡ್ಡ ಪಂಜರದ್ದೇ ಎರಡೂವರೆ. ಈ ಮುಂಗಾರಿನಲ್ಲಿ ಇನ್ನೂ ನಾಲ್ಕು ಗ್ರೋ ಬ್ಯಾಗ್‌ಗೆ ನವಣೆ ಹಾಕ್ತಿದ್ದೀನಿ, ತುಮಕೂರಿನವರಿಗೆ ಹಸಿ ತೆನೆ ಬೇಕಿದ್ದರೆ ಕೇಳಿ.