ರಾಡ್‌ಬೋರ್ನ್‌ನ ಅಂಕಿಅಂಶಗಳನ್ನು ಓದುವ ಬಗೆ

ಹತ್ತೊಂಬತ್ತನೆಯ ಶತಮಾನದ ಬೇಸ್‌ಬಾಲ್ ಪಿಚರ್ ಚಾರ್ಲ್ಸ್ ರಾಡ್‌ಬೋರ್ನ್‌ನ ದಾಖಲೆಯನ್ನು ಓದಲು ಹೊರಡುವವರು ಮೊದಲು ಆ ಕಾಲದ ನಿಯಮಗಳನ್ನು ತಿಳಿದುಕೊಳ್ಳಬೇಕು. ಆಗ ಪಿಚರ್ ಚೆಂಡೆಸೆಯುತ್ತಿದ್ದ ಅಂಕಣದ ಮುಂಗೆರೆ, ಬ್ಯಾಟ್ ಮಾಡುವವನು ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟ್‌ನಿಂದ ಕೇವಲ 50 ಅಡಿ ದೂರದಲ್ಲಿತ್ತು. ಇಂದಿನ 60 ಅಡಿ 6 ಅಂಗುಲದ ಅಂತರ ಜಾರಿಗೆ ಬಂದದ್ದು 1893ರಲ್ಲಿ, ಅಂದರೆ ಅವನು ನಿವೃತ್ತನಾದ ಮೇಲೆ.

ಬಳಿಕ 1884ರ ಋತುವಿನಲ್ಲಿ ನಿಧಾನಿಸಿ. ಪ್ರಾವಿಡೆನ್ಸ್ ಗ್ರೇಸ್ ತಂಡದ ಇನ್ನೊಬ್ಬ ಪ್ರಮುಖ ಪಿಚರ್ ಚಾರ್ಲಿ ಸ್ವೀನಿ ಜುಲೈನಲ್ಲಿ ತಂಡ ತೊರೆದಾಗ, ಉಳಿದ ಪಂದ್ಯಗಳ ಭಾರವನ್ನು ರಾಡ್‌ಬೋರ್ನ್ ಬಹುಮಟ್ಟಿಗೆ ಒಬ್ಬನೇ ಹೊತ್ತು, ಆ ವರ್ಷ 670ಕ್ಕೂ ಹೆಚ್ಚು ಇನಿಂಗ್ಸ್ (ಸಾಮಾನ್ಯವಾಗಿ ಒಂದು ಪಂದ್ಯಕ್ಕೆ ಒಂಬತ್ತು) ಎಸೆದು, 441 ಸ್ಟ್ರೈಕ್‌ಔಟ್‌ಗಳನ್ನು (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್ ಔಟಾಗುವುದು) ಪಡೆದು, ತಂಡಕ್ಕೆ ನ್ಯಾಷನಲ್ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಟ್ಟನು. ನನ್ನ ಮಟ್ಟಿಗೆ, ಗೆಲುವುಗಳಿಗಿಂತ ಈ ಇನಿಂಗ್ಸ್ ಸಂಖ್ಯೆಯೇ ಹೆಚ್ಚು ಬೆರಗಿನದು.

ಆ ಋತುವಿನಲ್ಲಿ ಪಿಚರ್ ಆಗಿ ಅವನ ಹೆಸರಿಗೆ ಸೇರಿದ ಗೆಲುವುಗಳನ್ನು ಕೆಲವು ಆಕರಗಳು 59 ಎಂದೂ ಕೆಲವು 60 ಎಂದೂ ನೀಡುತ್ತವೆ. ಪಂದ್ಯದ ನಡುವೆ ಪಿಚರ್ ಬದಲಾದಾಗ ಗೆಲುವು ಯಾರಿಗೆ ಸಲ್ಲಬೇಕೆಂಬ ನಿಯಮ ಅಂದು ಇಂದಿನಂತಿರಲಿಲ್ಲ. ಆದ್ದರಿಂದ ಎರಡನ್ನೂ ಗುರುತಿಸಿಕೊಂಡು, ಪ್ರತಿಯೊಂದರ ಎಣಿಕೆಯ ಆಧಾರವನ್ನು ಪಕ್ಕದಲ್ಲಿ ಬರೆದಿಡಿ.