ಶ್ರುತಿಯನ್ನು ತಂತಿಯ ಮೇಲೆ ಕೇಳುವ ಬಗೆ

ಸಂಗೀತ ಕಲಿಯುವವರ ಬಾಯಲ್ಲಿ ದಿನವಿಡೀ ಓಡಾಡುವ ಪದ ಶ್ರುತಿ. ಶ್ರುತಿ ಸೇರಿಸಿಕೊಳ್ಳಿ ಎಂದರೆ ಆಧಾರ ಷಡ್ಜ, ಅಪಶ್ರುತಿ ಎಂದರೆ ಆ ಆಧಾರದಿಂದ ತಪ್ಪಿದ ಸ್ವರ. ಆದರೆ ಸ್ಥಾಯಿಯೊಂದರಲ್ಲಿ (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ) 22 ಶ್ರುತಿಗಳಿವೆ ಎಂದು ಶಾಸ್ತ್ರಪಾಠದಲ್ಲಿ ಓದುವಾಗ ಅದೇ ಪದ, ಕಿವಿ ಬೇರ್ಪಡಿಸಿ ಕೇಳಬಲ್ಲ ಸೂಕ್ಷ್ಮ ಸ್ವರಾಂತರವನ್ನು ಹೇಳುತ್ತದೆ. ಹೆಚ್ಚಿನವರು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುತ್ತಾರೆ. ಒಂದು ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಮನೆಯಲ್ಲೇ ಕೇಳಬಹುದು. ಕೇಳಿದ ಮೇಲೆಯೇ ನಾಟ್ಯಶಾಸ್ತ್ರದ ಕರ್ತೃ ಭರತನ ಲೆಕ್ಕ ಮನಸ್ಸಿಗೆ ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಏಕತಂತ್ರಿಯೊಂದನ್ನು ಕಟ್ಟಿಕೊಳ್ಳಿ. ಒಂದು ಮೀಟರಿಗಿಂತ ತುಸು ಉದ್ದದ ಹಲಗೆ, ಉಕ್ಕಿನ ತಂತಿ, ಬಿಗಿಮಾಡಲು ಒಂದು ಬಿರಡೆ, ಸರಿಯಾಗಿ 90 ಸೆಂ.ಮೀ. ಅಂತರದಲ್ಲಿ ತಂತಿಯನ್ನು ಹೊರುವ ಎರಡು ಸ್ಥಿರ ಕುದುರೆಗಳು (ಮರದ ಸಣ್ಣ ಆಸರೆಗಳು), ನಡುವೆ ಸರಿದಾಡುವ ಇನ್ನೊಂದು ಕುದುರೆ ಸಾಕು. ಸರಿದಾಡುವ ಕುದುರೆ ಉಳಿದೆರಡಕ್ಕಿಂತ ಕೂದಲೆಳೆಯಷ್ಟು ಮಾತ್ರ ಎತ್ತರವಿರಲಿ. ಹೆಚ್ಚಾದರೆ ತಂತಿ ಬಿಗಿದು ಅಳತೆಯೆಲ್ಲ ಕೆಡುತ್ತದೆ. ಬಿಡಿ ತಂತಿಯನ್ನು ತಂಬೂರಿಯ ಷಡ್ಜಕ್ಕೆ ಸೇರಿಸಿ.

ಎರಡನೆಯದಾಗಿ, ಅಳತೆಪಟ್ಟಿಯನ್ನು ಬದಿಗಿಟ್ಟು, ತಂಬೂರಿಯ ನಾದದ ಎದುರು ಕಿವಿಯಿಂದಲೇ ಪಂಚಮವನ್ನು ಹುಡುಕಿ. ಕುದುರೆ ಹತ್ತಿರ ಬಂದಂತೆ ನಾದದಲ್ಲಿ ಒಂದು ಅಲೆ ಎದ್ದು, ನಿಧಾನವಾಗಿ, ಕೊನೆಗೆ ಪೂರ್ತಿ ನಿಲ್ಲುತ್ತದೆ. ಅಲ್ಲಿ ಅಳೆದರೆ ತಂತಿ 60 ಸೆಂ.ಮೀ. ಇರುತ್ತದೆ. ಮಧ್ಯಮ 67.5ರಲ್ಲಿ ಸಿಗುತ್ತದೆ. ಗಾಂಧಾರಕ್ಕೆ ತಂಬೂರಿಯೇ ಗುರು: ಜೀವಾಳವನ್ನು (ಕುದುರೆಯ ಮೇಲೆ ತಂತಿಯಡಿ ಇಡುವ ನೂಲು) ಸರಿಯಾಗಿ ಕೂರಿಸಿ ಮಂದ್ರದ ತಂತಿಯೊಂದನ್ನೇ ಮೀಟಿದರೆ, ಯಾರೂ ನುಡಿಸದ ಅಂತರ ಗಾಂಧಾರ ಆ ನಾದದೊಳಗಿಂದ ತಾನಾಗಿ ಮೇಲೇಳುತ್ತದೆ. ಮೊದಲ ಸಲ ಅದನ್ನು ಗುರುತಿಸಿದವರು ಮತ್ತೆ ಮತ್ತೆ ಮೀಟದೆ ಇರಲಾರರು. ಅದರ ಜಾಗ 72 ಸೆಂ.ಮೀ.

ಮೂರನೆಯ ಹೆಜ್ಜೆಯೇ ಈ ಪ್ರಯೋಗದ ಜೀವ. ರಿಷಭವನ್ನು ಎರಡು ದಾರಿಯಿಂದ ಹುಡುಕಬೇಕು. ಪಂಚಮವನ್ನೇ ಷಡ್ಜವೆಂದು ಭಾವಿಸಿ ಅದರ ಪಂಚಮ ಹಿಡಿದು, ಒಂದು ಸ್ಥಾಯಿ ಕೆಳಗಿಳಿಸಿದರೆ ರಿಷಭ 80 ಸೆಂ.ಮೀ.ನಲ್ಲಿ ನಿಲ್ಲುತ್ತದೆ. ಬದಲಿಗೆ ಮಧ್ಯಮವನ್ನು ಷಡ್ಜವೆಂದು ಭಾವಿಸಿ ಅದರ ಅಂತರ ಗಾಂಧಾರವನ್ನು ಹಿಡಿದರೆ 54ರಲ್ಲಿ ಧೈವತ ಸಿಗುತ್ತದೆ. ಆ ಧೈವತ ಯಾವ ಸ್ವರಕ್ಕೆ ಪಂಚಮವಾಗುತ್ತದೋ ಆ ರಿಷಭ 81 ಸೆಂ.ಮೀ.ನಲ್ಲಿದೆ. ಎರಡೂ ದಾರಿಗಳು ಶುದ್ಧ ಸಂವಾದದವೇ, ಅಂದರೆ ಅಲೆಯಿಲ್ಲದೆ ಹೊಂದುವ ಸ್ವರಗಳವೇ, ಎರಡರಲ್ಲೂ ತಪ್ಪಿಲ್ಲ, ಆದರೂ ನಡುವೆ ಒಂದು ಸೆಂಟಿಮೀಟರ್ ಉಳಿಯಿತು. ಭರತನು ಪ್ರಮಾಣಶ್ರುತಿ ಎಂದು ಕರೆದದ್ದು ಈ ಅಂತರವನ್ನೇ.

ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಅವನು ಇದನ್ನು ಪಂಚಮದ ಮೇಲೆ ತೋರಿಸುತ್ತಾನೆ. ಗ್ರಾಮ ಎಂದರೆ ಆಗಿನ ಕಾಲದ ಮೂಲ ಸ್ವರಶ್ರೇಣಿ. ಷಡ್ಜಗ್ರಾಮದಲ್ಲಿ ಪಂಚಮ ಷಡ್ಜದೊಡನೆ ಸಂವಾದಿ. ಮಧ್ಯಮಗ್ರಾಮದಲ್ಲಿ ಅದು ಒಂದು ಶ್ರುತಿ ಇಳಿದು ರಿಷಭದೊಡನೆ ಸಂವಾದಿಯಾಗುತ್ತದೆ. ನಮ್ಮ ಹಲಗೆಯ ಮೇಲೆ 81ರ ರಿಷಭಕ್ಕೆ ಮಧ್ಯಮವಾಗಿ ಒದಗುವ ಸ್ವರ 60.75ರಲ್ಲಿದೆ, ಅಂದರೆ ಪಂಚಮ ಏಳೂವರೆ ಮಿಲಿಮೀಟರ್ ಸರಿದಿದೆ. ಅದನ್ನು ತಂಬೂರಿಯ ಎದುರು ಹಿಡಿದರೆ ಅಲೆ ಸ್ಪಷ್ಟವಾಗಿ ಕೇಳುತ್ತದೆ.

ಇನ್ನು 22 ಎಲ್ಲಿಂದ ಬಂತು? ಇದಕ್ಕೆ ಭರತನ ಸಾರಣಾ ಚತುಷ್ಟಯ, ಅಂದರೆ ತಂತಿಗಳನ್ನು ನಾಲ್ಕು ಸಲ ಇಳಿಸಿ ನೋಡುವ ಪ್ರಯೋಗ, ಬೇಕು. ಒಂದೇ ಬಗೆಯ ಎರಡು ವೀಣೆಗಳನ್ನು (ಇಂದು ಎರಡು ಸ್ವರಮಂಡಲಗಳಾದರೆ ಸಲೀಸು) ಷಡ್ಜಗ್ರಾಮಕ್ಕೆ ಸೇರಿಸಿ, ಒಂದನ್ನು ಧ್ರುವವೀಣೆಯಾಗಿ ಮುಟ್ಟದೆ ಬಿಡಿ. ಇನ್ನೊಂದು ಚಲವೀಣೆ. ಮೊದಲ ಸಾರಣೆಯಲ್ಲಿ ಚಲವೀಣೆಯ ಪಂಚಮವನ್ನು ಮಧ್ಯಮಗ್ರಾಮದ ಪಂಚಮಕ್ಕೆ ಇಳಿಸಿ, ಅದಕ್ಕೆ ಹೊಂದುವಂತೆ ಉಳಿದೆಲ್ಲ ತಂತಿಗಳನ್ನು ಮತ್ತೆ ಷಡ್ಜಗ್ರಾಮಕ್ಕೆ ತನ್ನಿ. ಎರಡನೆಯದರಲ್ಲಿ ಇನ್ನೂ ಇಳಿಸಿದಾಗ ಚಲವೀಣೆಯ ಗಾಂಧಾರ, ನಿಷಾದಗಳು ಧ್ರುವವೀಣೆಯ ರಿಷಭ, ಧೈವತಗಳಲ್ಲಿ ಲೀನವಾಗುತ್ತವೆ. ಮೂರನೆಯದರಲ್ಲಿ ರಿಷಭ, ಧೈವತಗಳು ಷಡ್ಜ, ಪಂಚಮಗಳನ್ನು ಮುಟ್ಟುತ್ತವೆ. ನಾಲ್ಕನೆಯದರಲ್ಲಿ ಷಡ್ಜ, ಮಧ್ಯಮ, ಪಂಚಮಗಳು ಕ್ರಮವಾಗಿ ನಿಷಾದ, ಗಾಂಧಾರ, ಮಧ್ಯಮಗಳಿಗೆ ಇಳಿಯುತ್ತವೆ. ಎರಡು ಸ್ವರಗಳಿಗೆ ಎರಡೆರಡು, ಎರಡಕ್ಕೆ ಮೂರುಮೂರು, ಮೂರಕ್ಕೆ ನಾಲ್ಕುನಾಲ್ಕು ಇಳಿತಗಳು: 4, 6, 12 ಸೇರಿ 22.

ಈ ಇಳಿತಗಳು ಸಮವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳ ಹಳೆಯದು. ನಾನು ತಂತಿಯ ಮಾತನ್ನು ನಂಬುತ್ತೇನೆ. ಶುದ್ಧ ಸಂವಾದಗಳನ್ನೇ ಹಿಡಿದು, ತಂತಿಯನ್ನು ಸಡಿಲಿಸುವ ಬದಲು ಉದ್ದ ಮಾಡುತ್ತಾ ಹೋದರೆ, 90 ಸೆಂ.ಮೀ.ನ ಷಡ್ಜ ನಾಲ್ಕು ಸಾರಣೆಗಳಲ್ಲಿ ಸುಮಾರು 91.1, 96, 100, 101.25ಕ್ಕೆ ಬರುತ್ತದೆ. ಮೊದಲ ಮತ್ತು ಕೊನೆಯ ಹೆಜ್ಜೆಗಳು ಸಣ್ಣವು, ನಡುವಿನ ಎರಡು ದೊಡ್ಡವು. ಸ್ಥಾಯಿಯನ್ನು 22 ಸಮಪಾಲು ಮಾಡಿ ನೋಡಿದರೆ ಹದಿಮೂರನೆಯ ಶ್ರುತಿಯಲ್ಲಿ ಬರಬೇಕಾದ ಪಂಚಮ 59.75ರಲ್ಲಿ ಬೀಳುತ್ತದೆ, ತಂಬೂರಿಗೆ ಸೇರುವುದಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 22 ತಂತಿಗಳ ವೀಣೆಯನ್ನು ಹೇಳುವಾಗಲೂ, ಎರಡು ತಂತಿಗಳ ನಡುವೆ ಬೇರೆ ಧ್ವನಿ ಕೇಳಬಾರದು ಎಂದು ಕಿವಿಯನ್ನೇ ಪ್ರಮಾಣವಾಗಿ ಇಟ್ಟ.

ಗ್ರಾಮಗಳು ಬಳಕೆಯಿಂದ ಹೋಗಿ ಬಹಳ ಕಾಲವಾಯಿತು; ಈಗ ಎಲ್ಲ ರಾಗಗಳೂ ಒಂದೇ ಷಡ್ಜದ ಮೇಲೆ ನಿಲ್ಲುತ್ತವೆ. ಆದರೂ ವರಾಳಿಯ ಮಧ್ಯಮ ಉಳಿದ ಪ್ರತಿಮಧ್ಯಮಗಳಿಗಿಂತ ಏರು, ಗೌಳದ ರಿಷಭ ಮಾಯಾಮಾಳವಗೌಳದ್ದಕ್ಕಿಂತ ಇಳಿ ಎಂದು ಗುರುಗಳು ಇಂದಿಗೂ ತಿದ್ದುತ್ತಾರೆ. ದರ್ಬಾರಿಯ ಗಾಂಧಾರವಂತೂ ಒಂದು ಬಿಂದುವಿನಲ್ಲಿ ನಿಲ್ಲದೆ ತೂಗುತ್ತದೆ. ಹೀಗಾಗಿ ಪ್ರಯೋಗದ ಕೊನೆಯ ಹಂತದಲ್ಲಿ ಗಮಕವಿಲ್ಲದ (ತೂಗಾಡಿಸದ) ಸ್ವರವನ್ನಷ್ಟೇ ಅಳೆಯಬೇಕು: ಗೌಳದ ರಿಷಭವನ್ನು ತಂಬೂರಿಗೆ ಹಾಡಿ ಹಿಡಿದುಕೊಂಡು, ನಿಮ್ಮ ಕಂಠಕ್ಕೆ ಅಲೆ ನಿಲ್ಲುವ ತನಕ ಕುದುರೆಯನ್ನು ಸರಿಸಿ, ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ. ಮಾಯಾಮಾಳವಗೌಳದ ರಿಷಭಕ್ಕೂ ಹಾಗೆಯೇ ಮಾಡಿ, ಎರಡು ಗೀಟುಗಳ ನಡುವಿನ ಅಂತರವನ್ನು ಅಳೆಯಿರಿ.