ತೂಕ ಏರಿಳಿಯುತ್ತಿದೆಯೇ? ಯಾವುದೇ ಆಹಾರ ಬಿಡುವ ಮುಂಚೆ ಇಷ್ಟು ಮಾಡಿ

ಮೂರು ವರ್ಷದ ಹಿಂದೆ ಏಳೇ ತಿಂಗಳಲ್ಲಿ ನನ್ನ ತೂಕ 58 ಕೆ.ಜಿ.ಯಿಂದ 51ಕ್ಕೆ ಇಳಿಯಿತು. ಡಯಟ್ ಮಾಡಿರಲಿಲ್ಲ, ಎಂದಿನಂತೆಯೇ ತಿನ್ನುತ್ತಿದ್ದೆ. ನೋಡಿದವರೆಲ್ಲ ಸಣ್ಣ ಆಗಿದ್ದಕ್ಕೆ ಮೆಚ್ಚಿಕೊಂಡರು. ನನಗೋ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಅದೇ ಸಮಯದಲ್ಲಿ ನನ್ನ ಅಕ್ಕ ಹಾಲು ಕುಡಿದರೆ ದಪ್ಪ ಆಗ್ತೀನಿ ಅಂತ ಹಾಲೇ ಬಿಟ್ಟಿದ್ದಳು. ಇಬ್ಬರೂ ತಪ್ಪು ಕಡೆಯಿಂದ ಶುರು ಮಾಡಿದ್ದೆವು.

ತಿಂದದ್ದು ಆಗಿಬರದೆ ತೂಕ ಏರಿಳಿಯುತ್ತಿದೆ ಅನ್ನಿಸಿದರೆ ಮೊದಲು ಮೂರು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಅಲರ್ಜಿ ಅಂದರೆ ದೇಹದ ರೋಗನಿರೋಧಕ ಶಕ್ತಿ ಆಹಾರವನ್ನೇ ಶತ್ರು ಅಂದುಕೊಂಡು ಎರಗುವುದು. ದದ್ದು, ತುಟಿ ಊತ, ವಾಂತಿ, ಉಸಿರು ಕಟ್ಟುವುದು, ಇವು ಸಾಮಾನ್ಯವಾಗಿ ಬೇಗ ಕಾಣಿಸಿಕೊಳ್ಳುತ್ತವೆ. ಆಹಾರ ಒಗ್ಗದಿರುವುದು ಸಾಮಾನ್ಯವಾಗಿ ಜೀರ್ಣದ ಸಮಸ್ಯೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕಮ್ಮಿ ಇದ್ದರೆ ಅದು ದೊಡ್ಡ ಕರುಳಿಗೆ ಹಾಗೇ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಮೂರನೆಯದು ಸೀಲಿಯಾಕ್. ಇದರಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯದಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್‌ನಿಂದ ಸಣ್ಣ ಕರುಳಿನ ಒಳಪದರ ಹಾಳಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ನನ್ನದು ಇದೇ ಆಗಿತ್ತು. ಏದುಸಿರಿಗೆ ಕಾರಣವೂ ಕಬ್ಬಿಣಾಂಶ ಸೇರದೆ ಬಂದ ರಕ್ತಹೀನತೆ. ಹಾಗಂತ ಸೀಲಿಯಾಕ್ ಇರುವವರೆಲ್ಲ ಸಣ್ಣಗಿರುತ್ತಾರೆ ಅಂದುಕೊಳ್ಳಬೇಡಿ, ದಪ್ಪ ಇರುವವರಲ್ಲೂ ಇದು ಇರುತ್ತದೆ.

ಈಗ ತೂಕದ ಯಂತ್ರ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಕ ನೋಡಿ. ಅಕ್ಕ ಮನಸ್ಸು ಬಂದಾಗ ನೋಡುತ್ತಿದ್ದಳು. ಒಂದು ದಿನ ನಾನೇ ಕೂರಿಸಿಕೊಂಡು ಬರೆಸಿದೆ: ಬೆಳಿಗ್ಗೆ 67.1, ರಾತ್ರಿ 68.6, ಮರುದಿನ ಬೆಳಿಗ್ಗೆ 67.2. ಸುಮಾರು ಒಂದೂವರೆ ಕೆ.ಜಿ. ಕೊಬ್ಬು ರಾತ್ರೋರಾತ್ರಿ ಎಲ್ಲಿ ಹೋಗುತ್ತದೆ? ಒಂದು ಕೆ.ಜಿ. ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಜಾಸ್ತಿ ಆಗಬೇಕು. ಅವಳಿಗೆ ಕಂಡದ್ದು ಆ ದಿನದ ಊಟ, ನೀರಿನ ಭಾರ. ಸೊಂಟದ ಹತ್ತಿರ ಬಟ್ಟೆ ಬಿಗಿಯಾಗುತ್ತಿದ್ದದ್ದು ಗ್ಯಾಸ್‌ನಿಂದ. ಹೊಟ್ಟೆ ಉಬ್ಬುವುದೂ ದಪ್ಪ ಆಗುವುದೂ ಒಂದೇ ಅಲ್ಲ.

ಎರಡು ವಾರ ನೋಟ್‌ಬುಕ್ ಇಡಿ. ಏನು ತಿಂದಿರಿ, ಎಷ್ಟು, ಎಷ್ಟು ಗಂಟೆಗೆ, ಆಮೇಲೆ ಏನಾಯಿತು ಎಲ್ಲ ಬರೆಯಿರಿ. ಮಾತ್ರೆಗಳನ್ನೂ ಬರೆಯಿರಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಅಲರ್ಜಿಗೆ ಬಹಳ ದಿನ ಸ್ಟೆರಾಯ್ಡ್ ಮಾತ್ರೆ ತಗೊಂಡರೆ ಹಸಿವು ಹೆಚ್ಚಿ, ನೀರು ನಿಂತು ತೂಕ ಏರಬಹುದು. ಆದರೆ ಅದನ್ನು ನೀವಾಗೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಇನ್ನು ನಾನು ಎಡವಿದ ಜಾಗ. ಅನುಮಾನ ಬಂದ ಕೂಡಲೇ ಗೋಧಿ ಬಿಟ್ಟೆ. ಎರಡು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ ಅಂತ ಬಂತು! ಸೀಲಿಯಾಕ್‌ಗೆ ಮಾಡುವ ಟಿಟಿಜಿ ಪರೀಕ್ಷೆ ಸರಿಯಾಗಿ ಬರಬೇಕಾದರೆ ಗ್ಲೂಟೆನ್ ತಿನ್ನುತ್ತಿರಬೇಕು. ಇದನ್ನು ಮೊದಲ ವೈದ್ಯರು ನನಗೆ ಹೇಳಲೇ ಇಲ್ಲ. ಎರಡನೆಯವರು ಮತ್ತೆ ಆರು ವಾರ ದಿನಾ ಬ್ರೆಡ್ ತಿನ್ನಿಸಿದರು. ಆ ಆರು ವಾರದ ಹೊಟ್ಟೆನೋವು ನಿಮಗೆ ಬೇಡ. ದಯವಿಟ್ಟು ಪರೀಕ್ಷೆ ಮೊದಲು, ಬಿಡುವುದು ಆಮೇಲೆ. ಲ್ಯಾಕ್ಟೋಸ್‌ಗೆ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ. ನಿಮಗೆ ಒಗ್ಗದವು ಅಂತ ಆಹಾರಗಳ ಉದ್ದ ಪಟ್ಟಿ ಕೊಡುವ ಐಜಿಜಿ (ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯ) ರಕ್ತ ಪರೀಕ್ಷೆಗೆ ಮಾತ್ರ ದುಡ್ಡು ಸುರಿಯಬೇಡಿ. ನೀವು ಆ ಆಹಾರ ತಿಂದಿದ್ದೀರಿ ಅನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳೂ ಅದು ಬೇಡ ಅಂದಿವೆ.

ಅಲರ್ಜಿಯೂ ಅಲ್ಲ, ಸೀಲಿಯಾಕ್ ಕೂಡ ಅಲ್ಲ ಅಂತ ಖಾತ್ರಿಯಾದ ಮೇಲೆ ಒಂದೇ ಆಹಾರವನ್ನು ಎರಡರಿಂದ ನಾಲ್ಕು ವಾರ ಬಿಟ್ಟು ನೋಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ವಾಪಸ್ ತನ್ನಿ. ಈ ವಾಪಸ್ ತರುವ ಹೆಜ್ಜೆಯೇ ಮುಖ್ಯ, ಇಲ್ಲದಿದ್ದರೆ ಸುಮ್ನೆ ಜೀವನಪೂರ್ತಿ ಬಿಟ್ಟಿರುತ್ತೀರಿ. ಅಕ್ಕನಿಗೆ ಊಟದ ಜೊತೆ ಒಂದು ಲೋಟ ಹಾಲು ಏನೂ ಮಾಡುವುದಿಲ್ಲ, ಎರಡನೆಯದಕ್ಕೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಅವಳ ಮಿತಿ ಅಷ್ಟು. ಆದರೆ ಒಮ್ಮೆಯಾದರೂ ಉಸಿರು ಕಟ್ಟಿದ್ದರೆ, ಮುಖ ಊದಿದ್ದರೆ, ಆ ಆಹಾರವನ್ನು ಮನೆಯಲ್ಲಿ ಪರೀಕ್ಷಿಸಲೇಬೇಡಿ.

ಬಿಟ್ಟದ್ದರ ಜಾಗಕ್ಕೆ ಏನು ಬರುತ್ತದೆ ಅನ್ನುವುದರ ಮೇಲೂ ತೂಕ ನಿಂತಿದೆ. ಗ್ಲೂಟೆನ್ ಬಿಟ್ಟು ಕರುಳು ವಾಸಿಯಾದಂತೆ ನಾನು 57ಕ್ಕೆ ಬಂದೆ, ಅದು ಬೇಕಾಗಿತ್ತು. ಆಮೇಲೆ ಗ್ಲೂಟೆನ್ ಇಲ್ಲದ ಬಿಸ್ಕತ್ತು, ಕೇಕ್ ರೂಢಿಯಾಗಿ 61 ಆಯಿತು. ಗ್ಲೂಟೆನ್ ಇಲ್ಲ ಅಂದಮಾತ್ರಕ್ಕೆ ಸಕ್ಕರೆ, ಕೊಬ್ಬು ಕಮ್ಮಿ ಇರಬೇಕಿಲ್ಲ ಅಲ್ವಾ?

ಆರೇಳು ತಿಂಗಳಲ್ಲಿ ಕಾರಣವಿಲ್ಲದೆ ತೂಕದ ನೂರಕ್ಕೆ 5 ಪಾಲು ಇಳಿದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ನೋಟ್‌ಬುಕ್‌ಗೆ ಕಾಯಬೇಡಿ, ನೇರ ವೈದ್ಯರ ಹತ್ತಿರ ಹೋಗಿ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲರ್ಜಿ ಅಂತ ಮಗುವಿಗೆ ಹಾಲು ನಿಲ್ಲಿಸಿ, ಬದಲಿಗೆ ಅಕ್ಕಿಯಿಂದ ಮಾಡಿದ ‘ಹಾಲು’ ಕೊಟ್ಟರೆ ಅದರಲ್ಲಿ ಪ್ರೋಟೀನ್ ತೀರಾ ಕಮ್ಮಿ. ಆಹಾರತಜ್ಞರನ್ನು ಕೇಳಿಯೇ ಬದಲಾಯಿಸಿ, ತೂಕದ ಜೊತೆ ಎತ್ತರವನ್ನೂ ಪ್ರತಿ ಸಲ ಬೆಳವಣಿಗೆಯ ಚಾರ್ಟ್‌ನಲ್ಲಿ ಗುರುತು ಹಾಕಿಸಿ.